ನಕ್ಷೆಯ ಮೇಲೆ ಕೂರಬಾರದು

ನಮ್ಮ ಊರಿನಲ್ಲಿ ಹೆಣ್ಣು ಕೊಡುವವರು ಮೊದಲು ನೋಡುವುದು ಹುಡುಗನ ಮುಖವನ್ನಲ್ಲ, ಅವನ ಮನೆಯ ಜಗಲಿಯನ್ನು. ಜಗಲಿಯ ನೆಲ ಉಬ್ಬಿದ್ದರೆ ಕಾಫಿ ಮುಟ್ಟದೆ ಎದ್ದು ಬರುತ್ತಾರೆ. ಅಡುಗೆಮನೆ ಉಬ್ಬಿದ್ದರೆ, ಈ ಅತ್ತೆ ಒಲೆಯ ಮುಂದಿನ ಜಾಗ ಬಿಟ್ಟುಕೊಡುವವಳಲ್ಲ ಎಂದು ತಿಳಿದು ಹುಡುಗಿಯನ್ನು ಇನ್ನೊಂದು ಮಾತು ಕೇಳುತ್ತಾರೆ. ದೇವರ ಕೋಣೆ ಉಬ್ಬಿದ್ದರೆ ಸಮಾಧಾನ. ಅದೂ ತೀರ ಉಬ್ಬಿದ್ದರೆ, ದುಡಿಯುವವರು ಯಾರು ಎಂದು ಅನುಮಾನ.

ಮನಸ್ಸಿಟ್ಟು ಕೂತಲ್ಲಿ ನೆಲ ಏಳುತ್ತದೆ. ಎದ್ದು ಹೋದರೆ ಮೆಲ್ಲಗೆ ಇಳಿಯುತ್ತದೆ. ಇದರಲ್ಲಿ ಹೇಳುವಂಥದ್ದೇನೂ ಇಲ್ಲ. ಹೊರಗಿನಿಂದ ವರ್ಗವಾಗಿ ಬಂದವರು ಮೊದಲ ವಾರ ಎಡವುತ್ತಾರೆ, ಆಮೇಲೆ ನೋಡಿ ನಡೆಯುವುದನ್ನು ಕಲಿಯುತ್ತಾರೆ. ನಾನು ಇಲ್ಲಿಯ ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದೆ. ನನ್ನ ತರಗತಿಯ ನೆಲ ನಾನು ಕೆಲಸಕ್ಕೆ ಸೇರಿದ ದಿನ ಹೇಗಿತ್ತೋ ನಿವೃತ್ತನಾದ ದಿನವೂ ಹಾಗೆಯೇ ಇತ್ತು, ಊಟದ ತಟ್ಟೆಯ ಹಾಗೆ. ಬೀಳ್ಕೊಡುವ ದಿನ ಹೆಡ್ಮಾಸ್ಟರು ನನ್ನನ್ನು ಸಮಚಿತ್ತದ ಮನುಷ್ಯ ಎಂದು ಹೊಗಳಿದರು. ಮಕ್ಕಳೆಲ್ಲ ನೆಲ ನೋಡಿ ನಕ್ಕವು.

ಊರಿನಲ್ಲಿ ಎಲ್ಲಕ್ಕಿಂತ ಎತ್ತರದ್ದು ಹರಟೆಗುಡ್ಡ. ಕೊಟ್ರಪ್ಪನೂ ಅವನ ಮೂವರು ಗೆಳೆಯರೂ ಹುಡುಗರಾಗಿದ್ದಾಗ ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಮಾತಿಗೆ ಕೂತವರು. ಈಗ ಬೇವಿನ ತುದಿ ಅವರ ಮೊಣಕಾಲಿಗೆ ಬರುತ್ತದೆ. ಊಟವನ್ನು ಮನೆಯವರು ಕೆಳಗಿನಿಂದ ಬಕೆಟ್ಟಿಗೆ ಕಟ್ಟಿ ಕೊಡುತ್ತಾರೆ, ಅವರು ಹಗ್ಗ ಹಿಡಿದು ಎಳೆದುಕೊಳ್ಳುತ್ತಾರೆ. ಅಷ್ಟು ಎತ್ತರದಿಂದ ಎಲ್ಲರ ಹಿತ್ತಲೂ ಕಾಣುವುದರಿಂದ ಅವರಿಗೆ ಮಾತಿಗೆ ಬರವಿಲ್ಲ; ಮಾತಿಗೆ ಬರವಿಲ್ಲದ್ದರಿಂದ ಗುಡ್ಡ ಇನ್ನೂ ಏಳುತ್ತದೆ. ಎಲ್ಲಕ್ಕಿಂತ ತಗ್ಗಿನದ್ದು ಪುರಸಭೆಯ ಅಧ್ಯಕ್ಷ ಉಗ್ರಪ್ಪನವರ ಮನೆ. ಹೆಸರು ಉಗ್ರಪ್ಪ, ಮನುಷ್ಯ ಹಸುವಿನಂಥವರು. ಅವರು ಹುಟ್ಟಿದಾಗಿನಿಂದ ಕೂತದ್ದನ್ನು ಯಾರೂ ಕಂಡಿಲ್ಲ. ಈ ನಲ್ಲಿ, ಆ ಚರಂಡಿ, ಇನ್ಯಾರದೋ ಮದುವೆ ಎಂದು ಓಡಾಡುತ್ತಲೇ ಇರುತ್ತಾರೆ. ಅಕ್ಕಪಕ್ಕದ ಮನೆಗಳು ಏಳುತ್ತಾ ಹೋಗಿ ಅವರ ಮನೆ ಹೊಂಡವಾಯಿತು. ಬೀದಿಯಲ್ಲಿ ಯಾರ ಮನೆಯ ಬಚ್ಚಲ ನೀರಾದರೂ ಕೊನೆಗೆ ಅಧ್ಯಕ್ಷರ ಅಂಗಳಕ್ಕೇ ಬರುತ್ತದೆ.

ನನ್ನ ಹೆಂಡತಿ ನೀಲವ್ವ ದಿನವೂ ಬೆಳಿಗ್ಗೆ ಪೂಜೆ ಮುಗಿಸಿ ಹಿತ್ತಲ ಬಾಗಿಲಿನ ಹೊರಗೆ ಮೊರ ಹಿಡಿದು ಕೂರುತ್ತಿದ್ದಳು. ಅಕ್ಕಿ ಆರಿಸುವುದು. ಕಲ್ಲು ಸಿಕ್ಕರೆ “ಶಿವ” ಎಂದು ತೆಗೆದು ಹಾಕುವಳು. ಬಹಳ ಹೊತ್ತು ಸಿಗದಿದ್ದರೂ “ಶಿವ” ಎನ್ನುವಳು. ಅಂಗಡಿಯವನು ಕಲ್ಲಿಲ್ಲದ ಅಕ್ಕಿ ತರಿಸತೊಡಗಿದ ಮೇಲೂ ಅವಳು ಆರಿಸುವುದನ್ನು ಬಿಡಲಿಲ್ಲ. “ಅವನು ಇಲ್ಲ ಅಂದ್ರೆ ಇಲ್ಲವಾಗುತ್ತದೇನು?” ಎನ್ನುವಳು. ಹಾಗೆ ಕೂತು ಕೂತು ಅಲ್ಲಿ ಮೊಣಕಾಲೆತ್ತರದ ಒಂದು ದಿಣ್ಣೆ ಎದ್ದಿತ್ತು. ಅಡುಗೆಮನೆಯಿಂದ ಚೆಲ್ಲಿದ ಅಕ್ಕಿ ತೊಳೆದ ನೀರು ಆ ದಿಣ್ಣೆಯನ್ನು ಬಳಸಿಕೊಂಡು, ಪ್ರದಕ್ಷಿಣೆ ಹಾಕಿದ ಹಾಗೆ, ಬಾಳೆಯ ಬುಡಕ್ಕೆ ಹೋಗುತ್ತಿತ್ತು.

ಹೋದ ಕಾರ್ತಿಕದಲ್ಲಿ ಅವಳು ಶಿವನ ಪಾದ ಸೇರಿದಳು. ಸತ್ತವರ ದಿಣ್ಣೆಯ ಮೇಲೆ ಯಾರೂ ಕೂರಬಾರದು. ಅದು ತಾನಾಗಿ ಇಳಿದು ನೆಲದ ಸಮ ಆಗಬೇಕು. ಸಮವಾದ ದಿನ ಹಾಲು ಹಾಕಿ, ಮನೆಯವರಲ್ಲಿ ಯಾರಾದರೊಬ್ಬರು ಅಲ್ಲಿ ಕೂರಬೇಕು. ಅಲ್ಲಿಗೆ ಸೂತಕ ಕಳೆಯಿತು. ಇದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕೆಲವರದ್ದು ಬೇಗ ಇಳಿಯುತ್ತದೆ, ಕೆಲವರದ್ದು ನಿಧಾನ. ನಾನು ದಿನವೂ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಿತ್ತಲಿಗೆ ಹೋಗಿ ನಿಂತು ನೋಡುತ್ತಿದ್ದೆ. ಮೊಣಕಾಲಿಗೆ ತಾಗುತ್ತಿದ್ದದ್ದು ಮೀನಖಂಡಕ್ಕೆ ಇಳಿಯಿತು. ಸತ್ತಾಗ ಅತ್ತದ್ದು ಒಂದು ಬಗೆ. ಹೀಗೆ ದಿನಾ ಬೆಳಿಗ್ಗೆ ಒಂದು ಚೂರು ಇನ್ನೂ ಸಾಯುವುದನ್ನು ನೋಡುವುದು ಇನ್ನೊಂದು ಬಗೆ.

“ಅಲ್ಲಿ ನಿಂತು ಕಾವಲು ಕಾದರೆ ಇಳಿಯುವುದು ನಿಲ್ಲುತ್ತದೇನು ಭಾವ? ಬನ್ನಿ, ರೊಟ್ಟಿ ಆರುತ್ತದೆ” ಎನ್ನುವಳು ಪಾರವ್ವ. ಪಾರವ್ವ ನೀಲವ್ವನ ತಂಗಿ. ಅಕ್ಕನ ಆರೈಕೆಗೆಂದು ಬಂದವಳು, ಅವಳು ಹೋದ ಮೇಲೆ ನನ್ನನ್ನು ಬೈಯುವುದಕ್ಕೆಂದು ಉಳಿದುಕೊಂಡಳು. ಬಾಯಲ್ಲಿ ಎಲೆಯಡಿಕೆ ಇರುವಷ್ಟು ಹೊತ್ತು ಮಾತ್ರ ನನಗೆ ಬಿಡುವು.

ಹೀಗಿರುವಾಗ ಸಮುದ್ರದಾಚೆಯ ಒಂದು ದೊಡ್ಡ ಪಟ್ಟಣದಲ್ಲಿ ಲೋಕಪ್ರದರ್ಶನ ನಡೆಯುತ್ತದೆ, ಒಂದೊಂದು ಊರೂ ತನ್ನ ವಿಶೇಷವನ್ನು ಕಳುಹಿಸಬಹುದು ಎಂದು ಸರ್ಕಾರದಿಂದ ಸುದ್ದಿ ಬಂತು. ಪುರಸಭೆಯಲ್ಲಿ ಚರ್ಚೆಯಾಯಿತು. ಒಬ್ಬರು ಚಕ್ಕುಲಿ ಕಳುಹಿಸೋಣ ಎಂದರು. ಇನ್ನೊಬ್ಬರು, ಹಡಗಿನಲ್ಲಿ ಮೆತ್ತಗಾಗುತ್ತದೆ ಎಂದರು. ಉಗ್ರಪ್ಪನವರು ಸಭೆಯ ಸುತ್ತ ನಡೆಯುತ್ತಾ, “ಇಡೀ ಊರನ್ನೇ ಕಳುಹಿಸೋಣ. ನಮ್ಮ ಉಬ್ಬು ತಗ್ಗು ಎಲ್ಲ ಇರುವ ಹಾಗೆ ಮಣ್ಣಿನಲ್ಲಿ ಒಂದು ನಕ್ಷೆ ಮಾಡೋಣ. ಚಿಕ್ಕದಲ್ಲ, ಹತ್ತಿ ಸಂತೆಯ ಕಣ ತುಂಬುವಷ್ಟು ದೊಡ್ಡದು. ಜನ ಬಗ್ಗಿ ನೋಡುವುದಲ್ಲ, ಒಳಗೆ ಹೊಕ್ಕು ತಿರುಗಬೇಕು” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಕ್ಷೆ ಎಂದ ಮೇಲೆ ಯಾರು? ಬೋರ್ಡಿನ ಮೇಲೆ ನಕ್ಷೆ ಬರೆದು ಬರೆದು ಸೀಮೆಸುಣ್ಣ ಕುಡಿದವರು ಯಾರು? ನನ್ನನ್ನು ಕರೆದರು.

ಒಲ್ಲೆ ಎನ್ನಬೇಕೆಂದೇ ಹೋದವನು ಒಪ್ಪಿಕೊಂಡು ಬಂದೆ. ದಾರಿಯಲ್ಲಿ ನನಗೆ ಒಂದು ವಿಚಾರ ಹೊಳೆದಿತ್ತು. ನೆಲ ಇಳಿಯುತ್ತದೆ. ನಕ್ಷೆ ಇಳಿಯುವುದಿಲ್ಲ. ನಕ್ಷೆಯಲ್ಲಿ ನನ್ನ ಹಿತ್ತಲು ಇರುತ್ತದೆ. ಹಿತ್ತಲಿನಲ್ಲಿ ನೀಲವ್ವನ ದಿಣ್ಣೆ ಇರುತ್ತದೆ. ಲೋಕದ ಜನ ಬಂದು ಅದನ್ನು ಸುತ್ತಿ ಹೋಗುತ್ತಾರೆ. ಈ ಆಸೆಯನ್ನು ಪಾರವ್ವನಿಗೂ ಹೇಳಲಿಲ್ಲ. ಹೇಳಿದರೆ ಎಲೆಯಡಿಕೆ ಉಗಿದು ಮಾತಾಡುವಳೆಂದು ಗೊತ್ತಿತ್ತು.

ಯುಗಾದಿಯ ದಿನ ಊರು ಹೇಗಿರುತ್ತದೋ ಹಾಗೆ ನಕ್ಷೆ ಎಂದು ಗೊತ್ತು ಮಾಡಿದೆವು. ಎಲ್ಲವನ್ನೂ ತೋರಿಸುತ್ತಾ ಹೋದರೆ ಮುಗಿಯುವುದಿಲ್ಲವೆಂದು ನಾನೇ ಒಂದು ನಿಯಮ ಹಾಕಿದೆ: ನಕ್ಷೆಯಲ್ಲಿ ರಾಗಿಕಾಳಿಗಿಂತ ಸಣ್ಣದಾಗುವ ಯಾವ ಉಬ್ಬನ್ನೂ ತೋರಿಸತಕ್ಕದ್ದಲ್ಲ. ಮೇಜಿನ ಮುಂದೆ ಕೂತು ಹಾಕಿದ ನಿಯಮ ಅದು. ಮನೆಗೆ ಬಂದು ಅಳೆದು ನೋಡಿದರೆ ಮೊಣಕಾಲೆತ್ತರದ್ದು ರಾಗಿಕಾಳಾಗುತ್ತಿತ್ತು. ನೀಲವ್ವನ ದಿಣ್ಣೆ ಆಗಲೇ ಗೇಣುದ್ದಕ್ಕೆ ಬಂದಿತ್ತು. ನನ್ನ ನಿಯಮ ನನ್ನ ಹೆಂಡತಿಯನ್ನೇ ಹೊರಗೆ ಹಾಕಿತ್ತು.

ಊರಿನವರು ನಿಯಮವನ್ನು ಬೇರೆ ರೀತಿಯಲ್ಲಿ ತಿಳಿದುಕೊಂಡರು. ರಾಗಿಕಾಳಿನಷ್ಟಾದರೂ ಏಳಬೇಕು, ಇಲ್ಲದಿದ್ದರೆ ಲೋಕದ ಕಣ್ಣಿಗೆ ತಾವು ಇಲ್ಲವೇ ಇಲ್ಲ ಎಂದು ಎಲ್ಲರೂ ಕೂರತೊಡಗಿದರು. ಯುಗಾದಿಗೆ ಮುಂಚಿನ ದಿನಗಳಲ್ಲಿ ನಮ್ಮ ಊರು ನೋಡುವ ಹಾಗಿತ್ತು. ಕ್ಷೌರಿಕ ಕೂತೇ ಕ್ಷೌರ ಮಾಡಿದ, ಗಿರಾಕಿ ನೆಲದ ಮೇಲೆ ಮಲಗಬೇಕಾಯಿತು. ಬಟ್ಟೆ ಅಂಗಡಿಯವನು ಮೇಲಿನ ಗೂಡಿನ ಸೀರೆ ಕೇಳಿದವರಿಗೆ, “ಕೆಳಗಿನದೇ ಚೆನ್ನಾಗಿದೆ ತಾಯಿ” ಎಂದ. ಹಾಲಿನವಳು ಬಾಗಿಲಲ್ಲಿ ಕೂತು, “ಒಳಗಿನಿಂದ ಪಾತ್ರೆ ನೀವೇ ತನ್ನಿ, ನನ್ನ ನೆಲ ಈಗ ತಾನೇ ಹಿಡಿದಿದೆ” ಎಂದಳು. ಅದು ಅವಳ ಮನೆಯ ನೆಲವಲ್ಲ, ಗಿರಾಕಿಯ ಮನೆಯದ್ದು ಎಂಬುದು ಆಮೇಲೆ ಅವಳಿಗೆ ಹೊಳೆದು ಎದ್ದು ಓಡಿದಳು.

ಉಗ್ರಪ್ಪನವರಿಗೂ ಆಸೆ. ಅವರ ಹೆಂಡತಿ ಅಂಗಳದ ನಡುವೆ ಮಣೆ ಹಾಕಿ, ಅವರನ್ನು ಕೂರಿಸಿ, ಏಳದ ಹಾಗೆ ತೊಡೆಯ ಮೇಲೆ ನಿದ್ದೆ ಹೋದ ಮೊಮ್ಮಗಳನ್ನು ಮಲಗಿಸಿದರು. ಅಧ್ಯಕ್ಷರು ಬೆವರುತ್ತಾ ಕೂತರು. ನಾನು ಹೋದಾಗ, “ಮೇಷ್ಟ್ರೇ, ಎದ್ದಿದೆಯೇ ನೋಡಿ” ಎಂದರು.

“ಇಲ್ಲವಲ್ಲ ಅಧ್ಯಕ್ಷರೇ.”

“ಎಲ್ಲಿಂದ ಏಳುತ್ತದೆ? ಸಂತೆ ಬೀದಿಯ ನಲ್ಲಿ ತೊಟ್ಟಿಕ್ಕುತ್ತಿದೆ. ಆ ಶಬ್ದ ನನಗೆ ಇಲ್ಲಿಗೇ ಕೇಳುತ್ತಿದೆ” ಎಂದು ಮೊಮ್ಮಗಳನ್ನು ನನ್ನ ಕೈಗೆ ಕೊಟ್ಟು ಎದ್ದು ಹೊರಟೇಬಿಟ್ಟರು.

ಯುಗಾದಿ ಕಳೆಯಿತು. ಅಳತೆ ಮುಗಿಯಿತು. ಇನ್ನು ಮಣ್ಣು. ಬೇರೆ ಕಡೆಯ ಮಣ್ಣು ತಂದರೆ ಅದು ನಮ್ಮ ಊರು ಹೇಗಾದೀತು ಎಂದು ಒಂದೊಂದು ಬೀದಿಯವರೂ ತಮ್ಮ ತಮ್ಮ ಬೀದಿಯ ಮಣ್ಣನ್ನು ಬುಟ್ಟಿಯಲ್ಲಿ ತಂದು ಕಣದಲ್ಲಿ ಸುರಿದರು. ಹೆಂಗಸರು ಜರಡಿ ಹಿಡಿದರು, ಸೆಗಣಿ ಬೆರೆಸಿ ಹದ ಮಾಡಿದರು. ಎಲ್ಲರೂ ಸಂತೋಷದಿಂದ ನಕ್ಷೆಯ ಮೇಲೆ ಅಲ್ಲಲ್ಲಿ ಕೂತು ತಮ್ಮ ತಮ್ಮ ಬೀದಿಯನ್ನು ತಾವೇ ತಿದ್ದತೊಡಗಿದರು.

ಮಾರನೆಯ ದಿನ ಬಂದು ನೋಡಿದರೆ ಕೆರೆಯ ನಡುವೆ ಒಂದು ಬೆಟ್ಟ. ಅಂಚೆಕಚೇರಿಯ ಮೇಲೆ ಒಂದು ದಿಣ್ಣೆ. ಊರಿನಲ್ಲೇ ಇಲ್ಲದ ಕಡೆಯಲ್ಲಿ ಎರಡು ಗುಡ್ಡ, ನಡುವೆ ಕಣಿವೆ.

“ಇದ್ಯಾರ ಕೆಲಸ?” ಎಂದೆ.

“ಅದು ನಾನು ಕೂತಿದ್ದ ಜಾಗ ಮೇಷ್ಟ್ರೇ” ಎಂದಳು ಜರಡಿ ಹಿಡಿದ ಒಬ್ಬಳು, ಕೆರೆಯ ಬೆಟ್ಟ ತೋರಿಸಿ. “ಎರಡು ಗುಡ್ಡ ನಮ್ಮ ಅತ್ತೆಯದ್ದೂ ಅವರ ವಾರಗಿತ್ತಿಯದ್ದೂ. ಕಣಿವೆ ಯಾಕೆಂದರೆ ಅವರಿಬ್ಬರಿಗೆ ಮಾತಿಲ್ಲ.”

ಆಗ ನಮಗೆ ಬುದ್ಧಿ ಬಂತು. ಊರಿನ ಮಣ್ಣು, ಊರಿನ ಜನ, ಮನಸ್ಸಿಟ್ಟು ಕೂತರೆ ಏಳದೆ ಇರುತ್ತದೆಯೇ? ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಉಸಿರಾಡುವವನು ಉಸಿರನ್ನು ಲೆಕ್ಕಕ್ಕೆ ಹಿಡಿಯುತ್ತಾನೆಯೇ? ಎಲ್ಲವನ್ನೂ ಕೆಡವಿ ಮತ್ತೆ ಶುರು ಮಾಡಿದೆವು. ಕಣದ ಬಾಗಿಲಿಗೆ “ನಕ್ಷೆಯ ಮೇಲೆ ಕೂರಬಾರದು” ಎಂದು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದೆ. ಎರಡು ದಿನ ಬಗ್ಗಿ ನಿಂತು ಕೆಲಸ ಮಾಡಿದೆವು. ಮೂರನೆಯ ದಿನ ಯಾರಿಗೂ ನೆಟ್ಟಗಾಗಲು ಬರಲಿಲ್ಲ. ಬೀದಿಯಲ್ಲಿ ಅರ್ಧ ಊರು ಗೂನು ಬೆನ್ನಿನಿಂದ ಓಡಾಡುವುದನ್ನು ಕಂಡು ಹರಟೆಗುಡ್ಡದ ಮೇಲಿನಿಂದ ಕೊಟ್ರಪ್ಪ, “ಏನ್ರಯ್ಯಾ, ಏನಾದರೂ ಕಳೆದುಕೊಂಡಿರಾ?” ಎಂದು ಕೂಗಿದ.

ದಾರಿ ತೋರಿಸಿದವರು ಉಗ್ರಪ್ಪನವರು. “ಕೂರಿ. ಆದರೆ ಮನಸ್ಸಿಡಬೇಡಿ” ಎಂದರು. ಅದು ಹೇಗೆ ಎಂದು ಕೇಳಿದ್ದಕ್ಕೆ ಪುರಸಭೆಯ ಹಳೆಯ ಸಭಾ ನಡವಳಿಗಳ ಕಟ್ಟು ತರಿಸಿ, ನಕ್ಷೆಯ ಸುತ್ತ ನಡೆಯುತ್ತಾ ಗಟ್ಟಿಯಾಗಿ ಓದತೊಡಗಿದರು. “ಮೇಲ್ಕಂಡ ವಿಷಯವನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಲು ಹಿಂದಿನ ಸಭೆಯಲ್ಲಿ ತೀರ್ಮಾನಿಸಿದ್ದನ್ನು ಈ ಸಭೆಯು ಗಮನಿಸಿ ಮುಂದಿನ ಸಭೆಗೆ ಮುಂದೂಡಿತು.” ಅದನ್ನು ಕೇಳುತ್ತಾ ಕೂತವರ ಮನಸ್ಸು ಎಲ್ಲೆಲ್ಲಿಗೋ ಹೋಯಿತು. ನೆಲ ಕೂದಲೆಳೆಯಷ್ಟೂ ಏಳಲಿಲ್ಲ. ಒಂದೇ ತೊಂದರೆ ಎಂದರೆ ಮನಸ್ಸಿಲ್ಲದ ಕೈ ಮಾಡಿದ ಕೆಲಸ. ಹಳ್ಳ ಪೊಲೀಸ್ ಠಾಣೆಯ ಒಳಗಿನಿಂದ ಹರಿಯಿತು. ಮಠದ ಪಕ್ಕದಲ್ಲಿರಬೇಕಾದ ಹಿಟ್ಟಿನ ಗಿರಣಿ ಮಠದ ಮೇಲೆ ಬಂತು. ತಿದ್ದಬೇಕೆಂದು ಮನಸ್ಸಿಟ್ಟರೆ ಏಳುತ್ತದೆ, ಇಡದಿದ್ದರೆ ತಪ್ಪುತ್ತದೆ. “ಇರಲಿ ಬಿಡಿ, ಠಾಣೆಯವರಿಗೂ ಸ್ವಲ್ಪ ತಂಪಾಗಲಿ” ಎಂದರು ಉಗ್ರಪ್ಪನವರು.

ನಕ್ಷೆ ಮುಗಿಯುತ್ತಾ ಬಂತು. ನನ್ನ ಹಿತ್ತಲು ಅಂಗೈಯಷ್ಟಗಲ, ಚಪ್ಪಟೆಯಾಗಿ ಬಿದ್ದಿತ್ತು. ದಿನವೂ ಅದನ್ನು ನೋಡುತ್ತಾ ಆ ಕಟ್ಟಿನ ಓದು ಕೇಳುತ್ತಿದ್ದೆ. ಬಸವ ಜಯಂತಿಯ ದಿನ ಮಧ್ಯಾಹ್ನ ಎಲ್ಲರೂ ಪಾನಕ ಕೋಸಂಬರಿಗೆ ಮಠಕ್ಕೆ ಹೋದರು. ನಾನು ಮನೆಗೆ ಹೋಗಿ ನೀಲವ್ವನ ದಿಣ್ಣೆಯ ಅಂಚಿನಿಂದ ಒಂದು ಚಿಟಿಕೆ ಮಣ್ಣು ತೆಗೆದುಕೊಂಡೆ. ಬಾಗಿಲಲ್ಲಿ ಪಾರವ್ವ ಎದುರಾದಳು.

“ಕೈಯಲ್ಲೇನು ಭಾವ?”

“ಸ್ವಲ್ಪ ಮಣ್ಣು.”

“ಯಾಕೆ, ನನ್ನ ಅಡುಗೆ ಅಷ್ಟು ಕೆಟ್ಟು ಹೋಯಿತೇ?”

ಮುಷ್ಟಿ ಬಿಗಿ ಹಿಡಿದು ಕಣಕ್ಕೆ ಬಂದೆ. ಯಾರೂ ಇರಲಿಲ್ಲ. ನಕ್ಷೆಯಲ್ಲಿ ನಮ್ಮ ಬೀದಿಯ ಮೇಲೆ ಕೂತು, ಆ ಚಿಟಿಕೆ ಮಣ್ಣನ್ನು ಎಂಜಲು ತಾಕಿಸಿ ರಾಗಿಕಾಳಿನಷ್ಟು ಉಂಡೆ ಮಾಡಿ, ಹಿತ್ತಲ ಬಾಗಿಲಿನ ಹೊರಗೆ ಇಟ್ಟೆ. ನಿಯಮ ಮುರಿದದ್ದು ನಿಜ. ನಿಯಮ ಹಾಕಿದವನಿಗೆ ಅಷ್ಟೂ ಹಕ್ಕಿಲ್ಲವೇ ಎಂದುಕೊಂಡೆ. ಇಟ್ಟವನು ಏಳಬೇಕಾಗಿತ್ತು. ಅದನ್ನೇ ನೋಡುತ್ತಾ ಕೂತೆ. ಮೊರ ಆಡಿಸುವ ಸದ್ದು ನೆನಪಾಯಿತು. ಅವಳು ಕಲ್ಲನ್ನು ಎಸೆಯುತ್ತಿರಲಿಲ್ಲ, ಪಕ್ಕದಲ್ಲಿ ಇಡುತ್ತಿದ್ದಳು, ಅದಕ್ಕೂ ನೋವಾದೀತು ಎನ್ನುವ ಹಾಗೆ. ಕೊನೆಯ ದಿನಗಳಲ್ಲಿ ಕಣ್ಣು ಮಂಜಾಗಿ ಬೆರಳಿನಿಂದಲೇ ಹುಡುಕುತ್ತಿದ್ದಳು. ಎಷ್ಟು ಹೊತ್ತು ಕೂತೆನೋ ಶಿವನೇ ಬಲ್ಲ.

ಯಾರೋ ಕೂಗಿದ ಹಾಗಾಯಿತು. ಕಣ್ಣು ಬಿಟ್ಟು ನೋಡುತ್ತೇನೆ, ಉಗ್ರಪ್ಪನವರು ಬಹಳ ಕೆಳಗೆ ನಿಂತು ತಲೆ ಎತ್ತಿ ನನ್ನನ್ನು ನೋಡುತ್ತಿದ್ದಾರೆ.

“ಮೇಷ್ಟ್ರೇ, ಇದೇನು ಮಾಡಿಕೊಂಡಿರಿ?”

ನನ್ನ ಕೆಳಗೆ ನಕ್ಷೆಯ ನಮ್ಮ ಬೀದಿ ಬೆಟ್ಟವಾಗಿ ಎದ್ದಿತ್ತು. ನಕ್ಷೆಯ ಹರಟೆಗುಡ್ಡ ಅದರ ಬುಡದಲ್ಲಿ ಒಂದು ಕಡುಬಿನ ಹಾಗೆ ಕಾಣುತ್ತಿತ್ತು. ಇಳಿಯಲು ಏಣಿ ತರಿಸಬೇಕಾಯಿತು.

ಇದು ನಡೆದದ್ದು ಸಂಜೆ. ಮಾರನೆಯ ಬೆಳಿಗ್ಗೆ ಪ್ರದರ್ಶನದ ಪರಿವೀಕ್ಷಕರು ಬರುವವರಿದ್ದರು. ಬಂದರು. ಶೇಷಗಿರಿರಾಯರೆಂದು ಹೆಸರು, ಸ್ಥೂಲಕಾಯದವರು, ಬಸ್ಸಿನಿಂದ ಇಳಿದವರೇ ಎಡವಿದರು. ನಕ್ಷೆಯನ್ನು ಸುತ್ತಿ ನೋಡಿ, “ಎಲ್ಲ ಸರಿ, ಈ ಮಹಾಪರ್ವತ ಊರಿನಲ್ಲಿ ಎಲ್ಲಿದೆ? ನಾನು ಕಾಣಲಿಲ್ಲವಲ್ಲ. ನಕ್ಷೆಗೂ ಊರಿಗೂ ತಾಳೆಯಾಗದಿದ್ದರೆ ನಾನು ಹಡಗಿಗೆ ಏರಿಸುವುದಿಲ್ಲ” ಎಂದರು.

ಅಷ್ಟು ಹೊತ್ತಿಗೆ ಹೊರಗೆ ಗಲಾಟೆಯಾಯಿತು. ಕೊಟ್ರಪ್ಪ ಹರಟೆಗುಡ್ಡದಿಂದ ಇಳಿದು ಬಂದಿದ್ದ. ಊಟದ ಬಕೆಟ್ಟಿನಲ್ಲಿ ಕಾಲಿಟ್ಟು ಹಗ್ಗ ಹಿಡಿದು ಇಳಿದನಂತೆ. ಸಮ ನೆಲದ ಮೇಲೆ ನಡೆದು ಎಷ್ಟೋ ಕಾಲವಾಗಿತ್ತಾದ್ದರಿಂದ ಇಬ್ಬರು ಹಿಡಿದುಕೊಂಡಿದ್ದರು.

“ಯಾರದ್ದು ಅದು? ನಮಗಿಂತ ಎತ್ತರ ಯಾರದ್ದು?” ಎಂದು ಕೂಗಿದ. “ಬಾಯಿ ನೋಯಿಸಿಕೊಂಡು ಮಾತಾಡಿ ಏರಿಸಿದ ಗುಡ್ಡ ನಮ್ಮದು! ಬೇಗ ತೀರ್ಮಾನ ಮಾಡಿ ಸ್ವಾಮಿ. ನಾನು ಇಲ್ಲಿ ನಿಂತಿದ್ದರೆ ಅಲ್ಲಿ ನನ್ನದು ಇಳಿಯುತ್ತಿರುತ್ತದೆ.”

“ನೀಲವ್ವ ಅಕ್ಕಿ ಆರಿಸುತ್ತಿದ್ದ ಜಾಗ” ಎಂದೆ ನಾನು.

ಕೊಟ್ರಪ್ಪ ಬಾಯಿ ಮುಚ್ಚಿದ. ಅವನ ಬಾಯಿ ಮುಚ್ಚಿದ್ದನ್ನು ನೋಡಲು ಹಿಂದಿದ್ದವರು ಮುಂದೆ ನುಗ್ಗಿದರು. ನೀಲವ್ವ ಸಂಕ್ರಾಂತಿಗೆ ತಪ್ಪದೆ ಅವನ ಬಕೆಟ್ಟಿಗೆ ಎಳ್ಳುಬೆಲ್ಲ ಹಾಕುತ್ತಿದ್ದಳು.

ಉಗ್ರಪ್ಪನವರು ಕಣವನ್ನು ಒಂದು ಸುತ್ತು ನಡೆದು ಬಂದು, “ನಕ್ಷೆ ಊರಿಗೆ ತಾಳೆಯಾಗದಿದ್ದರೇನಂತೆ, ಊರನ್ನೇ ನಕ್ಷೆಗೆ ತಾಳೆ ಮಾಡೋಣ. ಎಲ್ಲರೂ ಮೇಷ್ಟ್ರ ಹಿತ್ತಲಿಗೆ ನಡೆಯಿರಿ. ಒಟ್ಟಿಗೆ ಕೂತು ನೀಲವ್ವನನ್ನು ನೆನೆಸಿಕೊಂಡರೆ ಸಂಜೆಯೊಳಗೆ ಏಳದೆ ಏನು?” ಎಂದರು. ಊರಿಗೆ ಊರೇ ಹೊರಟಿತು. ಶೇಷಗಿರಿರಾಯರು ಏನೂ ತಿಳಿಯದೆ, ಊಟವಿರಬಹುದೆಂದು ಹಿಂದೆ ಬಂದರು.

ಹಿತ್ತಲ ಬಾಗಿಲಲ್ಲಿ ಪಾರವ್ವ ಪೊರಕೆ ಹಿಡಿದು ನಿಂತಿದ್ದಳು.

“ಸತ್ತವಳ ದಿಣ್ಣೆಯ ಮೇಲೆ ಕೂರುವುದಕ್ಕೆ ಬಂದಿರೇನ್ರೋ? ನಾಚಿಕೆ ಮಾನ ಇದೆಯೇ?”

“ಅವರ ಗೌರವಕ್ಕೇ ಪಾರವ್ವ” ಎಂದರು ಉಗ್ರಪ್ಪನವರು. “ಇಳಿಯುವುದು ಇನ್ನೆಷ್ಟು ಉಳಿದಿದೆಯೋ ನೋಡಿ…”

ಪಾರವ್ವ ನನ್ನ ಮುಖ ನೋಡಿದಳು. ಪೊರಕೆ ಗೋಡೆಗೆ ಒರಗಿಸಿ ಒಳಗೆ ಹೋಗಿ, ಅಕ್ಕಿ ತೊಳೆದ ನೀರಿನ ಪಾತ್ರೆ ತಂದು ಬಾಗಿಲಿನಿಂದ ಚೆಲ್ಲಿದಳು. ಬೆಳ್ಳನೆಯ ನೀರು ಹರಿಯಿತು. ಬಳಸಲಿಲ್ಲ, ತಿರುಗಲಿಲ್ಲ. ನೀಲವ್ವ ಕೂರುತ್ತಿದ್ದ ಜಾಗದ ಮೇಲಿಂದಲೇ ನೆಟ್ಟಗೆ ಹರಿದು ಬಾಳೆಯ ಬುಡಕ್ಕೆ ಹೋಯಿತು.

“ನಿನ್ನೆ ಬೆಳಿಗ್ಗೆಯಿಂದ ಹೀಗೆ” ಎಂದಳು. “ನೀವು ನಕ್ಷೆಯಲ್ಲೇ ಮುಳುಗಿದ್ದಿರಿ. ಹೇಗೆ ಹೇಳಲಿ?”

ಗಂಡಸರು ತಲೆಯ ಮೇಲಿನ ರುಮಾಲು ತೆಗೆದರು. ದಿನವೂ ಹೋಗಿ ನಿಂತು ನೋಡುತ್ತಿದ್ದವನು, ಸಮವಾದ ದಿನ ಮಾತ್ರ ನಾನು ನೋಡಲಿಲ್ಲ. ಚಿಟಿಕೆ ಮಣ್ಣು ತೆಗೆಯಲು ಬಗ್ಗಿದಾಗಲೂ ಕಣ್ಣಿಗೆ ಕಾಣಲಿಲ್ಲ.

ಉಗ್ರಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟು, “ಹಾಗಾದರೆ ಇನ್ನು ಅಡ್ಡಿಯಿಲ್ಲ ಮೇಷ್ಟ್ರೇ. ಹಾಲು ಹಾಕಿ ನೀವು ಮೊದಲು ಕೂರಿ. ಹಿಂದೆ ನಾವು. ಹರಟೆಗುಡ್ಡವನ್ನು ಮೀರಿಸೋಣ. ನೀಲವ್ವನ ಬೆಟ್ಟ ಎಂದೇ ಲೋಕಕ್ಕೆ ಗೊತ್ತಾಗಲಿ. ನಾನೂ ಕೂರುತ್ತೇನೆ, ಆಣೆಗೂ” ಎಂದರು.

“ನಾನೂ ಕೂರುತ್ತೇನೆ” ಎಂದ ಕೊಟ್ರಪ್ಪ. ಅವನು ಇನ್ನೊಂದು ಗುಡ್ಡಕ್ಕಾಗಿ ಕೂರುತ್ತೇನೆ ಎಂದದ್ದು ಸಣ್ಣ ಮಾತಲ್ಲ.

ನನ್ನ ಮನಸ್ಸು ಹೌದೆಂದಿತ್ತು. ಲೋಕವೆಲ್ಲ ಬಂದು ಸುತ್ತುವ ಬೆಟ್ಟ, ಅವಳ ಹೆಸರಿನದ್ದು. ಪಾರವ್ವನ ಕಡೆ ತಿರುಗಿ, “ಹಾಲು ತಾ” ಎಂದೆ.

ಅವಳು ಕದಲಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯನ್ನು ಬಾಳೆಯ ಬುಡಕ್ಕೆ ಉಗಿದಳು. “ತರುತ್ತೇನೆ ಭಾವ. ಆದರೆ ಒಂದು ಮಾತು. ಆ ಕಣದಲ್ಲಿ ಎದ್ದಿರುವುದು ಅಕ್ಕನ ದಿಣ್ಣೆಯಲ್ಲ, ನಿಮ್ಮದು. ಇಲ್ಲಿ ಏಳುವುದು ಈ ಜನದ್ದು. ಅಕ್ಕ ಕೂತದ್ದು ಎತ್ತರಕ್ಕಲ್ಲ, ಅಕ್ಕಿಗೆ. ತನ್ನ ಕೆಳಗೆ ನೆಲ ಎದ್ದಿದೆ ಎಂದು ಅವಳು ಒಂದು ದಿನವಾದರೂ ಬಗ್ಗಿ ನೋಡಿದ್ದಳೇ?”

ನೋಡಿರಲಿಲ್ಲ. ಒಮ್ಮೆ ನಾನೇ, “ನೀನು ರಾಣಿಯ ಹಾಗೆ ಎತ್ತರಕ್ಕೆ ಏರುತ್ತಿದ್ದೀಯ” ಎಂದಿದ್ದಕ್ಕೆ, “ಹೌದೇ? ಅದಕ್ಕೇ ಮೊರ ಇಡಲು ಕಷ್ಟ” ಎಂದು ಅಕ್ಕಿಯಿಂದ ಕಣ್ಣೆತ್ತದೆ ಹೇಳಿದ್ದಳು.

ನಾನು ಕಣಕ್ಕೆ ಹೋದೆ. ಏಣಿ ಹಾಕಿಕೊಂಡು ಹತ್ತಿ ಮೇಲಿನಿಂದ ನನ್ನ ಬೆಟ್ಟವನ್ನು ನನ್ನ ಕೈಯಿಂದಲೇ ಇಳಿಸುತ್ತಾ ಬಂದೆ. ಜನ ಸುತ್ತ ನಿಂತು ನೋಡಿದರು. ಯಾರೂ ಕೈ ಹಾಕಲಿಲ್ಲ. ನಾನು ಇಟ್ಟ ಆ ರಾಗಿಕಾಳು ತುದಿಯಲ್ಲಿ ಇರುತ್ತದೆ, ತೆಗೆದಿಟ್ಟುಕೊಳ್ಳೋಣ ಎಂದುಕೊಂಡಿದ್ದೆ. ಸಿಗಲಿಲ್ಲ. ಎಲ್ಲ ಒಂದೇ ಊರಿನ ಮಣ್ಣು, ಒಂದೇ ಬಣ್ಣ. ಇಳಿಸುವಾಗಲೂ ಮನಸ್ಸು ಅದರಲ್ಲೇ ಇದ್ದುದರಿಂದ ಎರಡು ಹಿಡಿ ತೆಗೆದರೆ ಒಂದು ಹಿಡಿ ಮತ್ತೆ ಏಳುತ್ತಿತ್ತು. ಉಗ್ರಪ್ಪನವರು ಅದನ್ನು ಕಂಡು, ಯಾರೂ ಹೇಳದೆಯೇ ಹಳೆಯ ಕಟ್ಟು ತೆಗೆದುಕೊಂಡು ನನ್ನ ಸುತ್ತ ನಡೆಯುತ್ತಾ ಓದತೊಡಗಿದರು. “ಮೇಲ್ಕಂಡ ವಿಷಯವನ್ನು ಈ ಸಭೆಯು ವಿಷಾದದಿಂದ ಗಮನಿಸಿ…” ಹಾಗೆ ಆ ಬೆಟ್ಟ ಇಳಿಯಿತು. ನಮ್ಮ ಹಿತ್ತಲಿದ್ದ ಕಡೆ ನನ್ನ ಹೆಬ್ಬೆರಳಿನ ಗುರುತು ಮಾತ್ರ ಉಳಿಯಿತು.

“ಇದೇನು?” ಎಂದು ಶೇಷಗಿರಿರಾಯರು ಬಗ್ಗಿ ಕೇಳಿದರು.

“ಹಿತ್ತಲು” ಎಂದೆ.

ನಕ್ಷೆ ಒಣಗಿದ ಮೇಲೆ ಅದನ್ನು ಬರ್ಫಿಯ ಹಾಗೆ ತುಂಡು ತುಂಡಾಗಿ ಕೊಯ್ದು, ಹುಲ್ಲು ಸುತ್ತಿ, ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸಿದೆವು. ಹೊರಡುವಾಗ ಬ್ಯಾಂಡು ಬಾರಿಸಿದರು. ಪಾರವ್ವ ಹಾಲನ್ನು ನಾನು ಬೆಟ್ಟ ಇಳಿಸಿದ ದಿನವೇ ಹಾಕಿದ್ದಳು. ನಾನು ಮಾತ್ರ ಅಲ್ಲಿ ಕೂರಲಿಲ್ಲ. ಇವತ್ತು ನಾಳೆ ಎಂದೆ. ಅವಳೂ ಒತ್ತಾಯಿಸಲಿಲ್ಲ, ಸೂತಕ ಕಳೆಯಲಿಲ್ಲವೆಂದು ಹಪ್ಪಳ ಕರಿಯುವುದನ್ನು ಮಾತ್ರ ನಿಲ್ಲಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ನಮ್ಮ ನಕ್ಷೆಗೆ ಲೋಕಪ್ರದರ್ಶನದಲ್ಲಿ ಬಹುಮಾನ ಬಂದಿತ್ತು. ಪೆಟ್ಟಿಗೆಯ ತುಂಡುಗಳನ್ನು ಅಲ್ಲಿಯವರು ತಮಗೆ ತೋಚಿದ ಹಾಗೆ ಜೋಡಿಸಿದ್ದರಂತೆ. ಹರಟೆಗುಡ್ಡ ಕೆರೆಯ ನಡುವೆ ಬಂದಿತ್ತಂತೆ, ಹಳ್ಳ ಹೊರಟದ್ದು ಠಾಣೆಯಿಂದಲೇ ಅಂತೆ. ಬಹುಮಾನ ಕೊಟ್ಟದ್ದು ಕಲ್ಪನೆಯ ಊರುಗಳ ವಿಭಾಗದಲ್ಲಿ. ಉಗ್ರಪ್ಪನವರು ಆ ವಿಭಾಗದ ಮಾತನ್ನು ಸಭೆಯಲ್ಲಿ ಓದದೆ ಹಾರಿಸಿ, ಪದಕವನ್ನು ಎತ್ತಿ ಹಿಡಿದು ಬೀದಿ ಬೀದಿ ಓಡಾಡಿದರು. ಕೊಟ್ರಪ್ಪ ಮೇಲಿನಿಂದ, “ಕೆರೆಯ ನಡುವೆ ಇದ್ದರೂ ನಾವೇ ಎತ್ತರ ತಾನೇ?” ಎಂದು ಕೇಳಿದ. ಹೌದು ಎಂದ ಮೇಲೆ ಸುಮ್ಮನಾದ.

ಊರೆಲ್ಲ ಚೌಕದಲ್ಲಿ ನಿಂತು ಕೂಗುತ್ತಿದ್ದಾಗ ನಾನು ಮನೆಗೆ ಬಂದೆ. ಗೋಡೆಯ ಮೊಳೆಯಿಂದ ಮೊರ ತೆಗೆದು, ಡಬ್ಬಿಯಿಂದ ಅಕ್ಕಿ ಹಾಕಿಕೊಂಡು, ಹಿತ್ತಲ ಬಾಗಿಲಿನ ಹೊರಗೆ ಹೋಗಿ ಕೂತೆ. ಪಾರವ್ವ ಒಳಗಿನಿಂದ ನೋಡಿದಳು. ಎಲೆಯಡಿಕೆ ಹಾಕಿಕೊಂಡು ಬಾಯಿ ಮುಚ್ಚಿದಳು. ನನಗೆ ಮೊರ ಆಡಿಸಲು ಬರಲಿಲ್ಲ, ಅರ್ಧ ಅಕ್ಕಿ ಚೆಲ್ಲಿತು. ಗುಬ್ಬಿಗಳು ಬಂದವು. ಕನ್ನಡಕ ಹಾಕಿದರೂ ಕಲ್ಲಾವುದು ಅಕ್ಕಿಯಾವುದು ತಿಳಿಯದೆ ಬೆರಳಿನಿಂದ ಹುಡುಕಿದೆ. ಒಂದು ಸಿಕ್ಕಿತು. ಅವಳು ಇಡುತ್ತಿದ್ದ ಹಾಗೆ ಪಕ್ಕದಲ್ಲಿ ಇಟ್ಟೆ. ಆಮೇಲೆ ಬಹಳ ಹೊತ್ತು ಒಂದೂ ಸಿಗಲಿಲ್ಲ.

ಆ ದಿನ ಊಟಕ್ಕೆ ಅದೇ ಅಕ್ಕಿಯ ಅನ್ನ, ಹಪ್ಪಳವೂ ಇತ್ತು. ಎದುರು ಕೂತು ಉಣ್ಣುತ್ತಿದ್ದ ಪಾರವ್ವ ಎರಡನೆಯ ತುತ್ತಿಗೆ ಕಟಕ್ಕನೆ ಏನನ್ನೋ ಕಡಿದಳು. ಕಣ್ಣಲ್ಲಿ ನೀರು ಬಂತು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ. ಅವಳು ಬಾಯಿಂದ ಕಲ್ಲನ್ನು ತೆಗೆದು, ಎರಡು ಬೆರಳಲ್ಲಿ ಹಿಡಿದು ದೀಪಕ್ಕೆ ತೋರಿಸಿ, “ಶಿವ” ಎಂದಳು.

“ಶಿವ” ಎಂದೆ ನಾನೂ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.